ಸಾವೊ ಪಾಲೊಗೆ ಎರಡೇ ತಾಸು

ಉಳಿಸಿದ ಹೊತ್ತು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೆಂಗಳೂರಿನಿಂದ ಸಾವೊ ಪಾಲೊಗೆ ಹದಿನಾಲ್ಕು ಸಾವಿರ ಕಿಲೋಮೀಟರು. ನಡುವೆ ಎಲ್ಲೋ ಇಳಿದು ಇನ್ನೊಂದು ವಿಮಾನ ಹತ್ತಿ, ಕುರ್ಚಿಯಲ್ಲಿ ಕುತ್ತಿಗೆ ಸೊಟ್ಟ ಮಾಡಿಕೊಂಡು ಹೋಗಿ ಮುಟ್ಟಲು ಇಪ್ಪತ್ತೆರಡು ತಾಸು ಬೇಕಿತ್ತು. ನಮ್ಮ ಯಂತ್ರ ಬಂದ ಮೇಲೆ ಎರಡೇ ತಾಸು ಸಾಕಾಯಿತು. ಮಿಕ್ಕ ಇಪ್ಪತ್ತು ತಾಸು ಗಾಳಿಯಲ್ಲಿ ಕರಗಿಹೋಯಿತೆಂದೇ ಎಲ್ಲರೂ ತಿಳಿದುಕೊಂಡೆವು. ಮುಂಜಾನೆ ಇಡ್ಲಿ ತಿಂದು ಹೊರಟವನು ಮಧ್ಯಾಹ್ನದ ಊಟಕ್ಕೆ ಬ್ರೆಜಿಲ್‌ನಲ್ಲಿರುತ್ತಾನೆ ಎಂದು ಊರೂರಲ್ಲಿ ಬೋರ್ಡು ಹಾಕಿದ್ದರು. ಅಲ್ಲಿನ ಗಡಿಯಾರದಲ್ಲಿ ಆಗಿನ್ನೂ ಬೆಳಗಿನ ಜಾವ ಎಂಬ ಬುದ್ಧಿ ಬೋರ್ಡು ಬರೆದವನಿಗೆ ಇರಲಿಲ್ಲ.

ನನ್ನ ಹೆಸರು ಮಹಾನಂದಾ. ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲಿದ್ದ ಹರವು ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಕೇಂದ್ರದಲ್ಲಿ ನನಗೆ ಹೆಸರಿತ್ತು. ಅದೇನೂ ಸುಳ್ಳಲ್ಲ. ಗಂಡ ಕಾರವಾರದ ಕಡೆ ರಸ್ತೆ ಗುತ್ತಿಗೆಯ ಕೆಲಸದಲ್ಲಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ಮಗಳು ದಾನೇಶ್ವರಿ, ಇಬ್ಬರೇ. ದಾನಿಗೆ ಆಗ ಒಂಬತ್ತು ವರ್ಷ. ಅರಳು ಹುರಿದಂತೆ ಮಾತಾಡುತ್ತಿದ್ದಳು.

ಯಂತ್ರದ ಕೆಲಸ ಹೇಳಿಬಿಡುತ್ತೇನೆ, ಬಹಳವೇನಿಲ್ಲ. ಅದು ವಿಮಾನದ ಮುಂದಿನ ದಾರಿಯನ್ನು ಮಡಚುತ್ತದೆ. ಮಡಚಿದ ದೂರವನ್ನು ಇಲ್ಲವಾಗಿಸಲು ಯಾರಿಂದಲೂ ಆಗುವುದಿಲ್ಲ, ವಿಮಾನ ಇಳಿಯುವವರೆಗೆ ಅದನ್ನು ಬೇರೆಲ್ಲಾದರೂ ಹರವಿ ಇಡಬೇಕು. ಒಂದು ಜಾಗದ ಸುತ್ತ ಉಂಗುರದ ಹಾಗೆ ಹರವುತ್ತಿದ್ದೆವು. ಹೊರಗಿನಿಂದ ನೋಡಿದರೆ ಆ ಉಂಗುರ ಎರಡು ಮಾರು ಅಗಲ. ದಾಟಲು ಹೋದವರಿಗೆ ಹದಿನಾಲ್ಕು ಸಾವಿರ ಕಿಲೋಮೀಟರು. ಬೆಳಕು ಅಷ್ಟು ದೂರವನ್ನು ಕಣ್ಣು ಮಿಟುಕಿಸುವುದರೊಳಗೆ ದಾಟುತ್ತದೆ, ಆದ್ದರಿಂದ ಆಚೆ ಇರುವುದೆಲ್ಲ ಕಾಣಿಸುತ್ತದೆ. ಕಾಲಿಗೆ ಮಾತ್ರ ದಕ್ಕುವುದಿಲ್ಲ.

ಅಂಥದ್ದನ್ನು ಜನ ಇರುವಲ್ಲಿ ಹರವಲಾದೀತೇ? ನೀರು ಹುಡುಕಿದರು. ನಮ್ಮ ಹಿನ್ನೀರು ಸಿಕ್ಕಿತು. ಅದರ ತಳದಲ್ಲಿ ನಾನು ಹುಟ್ಟಿದ ಹಳೇ ಮರಡಿಹಾಳ ಇದೆ. ಸರ್ಕಾರ ಪರಿಹಾರ ಕೊಟ್ಟು ಎಲ್ಲರನ್ನೂ ಮೇಲಿನ ಹೊಸ ಊರಿಗೆ ಎಬ್ಬಿಸಿ ಮೂವತ್ತು ವರ್ಷದ ಮೇಲಾಯಿತು. ಕೇಂದ್ರದ ನಕ್ಷೆಯಲ್ಲಿ ಆ ಗೆರೆಯ ಕೆಳಗಿನದೆಲ್ಲ ವರ್ಷವಿಡೀ ನೀಲಿ ಬಣ್ಣವೇ. ಆದರೆ ಬೇಸಿಗೆಯಲ್ಲಿ ನೀರು ಇಳಿಯುತ್ತದೆ. ಇಳಿದ ಕೂಡಲೇ ಹೊಸ ಊರಿನವರು ಎತ್ತು ಹೊಡೆದುಕೊಂಡು ಕೆಳಗಿಳಿದು, ತಮ್ಮ ತಮ್ಮ ಹಳೇ ಹೊಲ ಗುರುತು ಹಿಡಿದು ಹೆಸರುಕಾಳು, ಸೌತೆ ಬಿತ್ತುತ್ತಾರೆ. ಹಸಿ ಮಣ್ಣು, ಗೊಬ್ಬರ ಬೇಡ, ಚಿನ್ನದಂಥ ಬೆಳೆ. ಕಾನೂನಿನ ಪ್ರಕಾರ ಅದು ಸರ್ಕಾರದ ಜಾಗ, ಬಿತ್ತುವಂತಿಲ್ಲ. ಹಾಗಾಗಿ ಮೇಲಿನವರು ಯಾರು ಬಂದು ಕೇಳಿದರೂ ಊರಿನ ಹೆಂಗಸರು, ಮಕ್ಕಳು, ಮುದುಕರು ಒಂದೇ ಬಾಯಲ್ಲಿ ಹೇಳುವುದು, ಕೆಳಗ ಯಾರೂ ಇಲ್ರಿ ಅಂತ. ನನ್ನವ್ವ ಒಲೆಯ ಮುಂದೆ ಕೂತು, ಸೆರಗಿನಲ್ಲಿ ಆ ಹೊಲದ್ದೇ ಹೆಸರುಕಾಯಿ ಕಟ್ಟಿಕೊಂಡು, ಸರ್ವೆಯವರಿಗೆ ಹಾಗೆ ಹೇಳಿದ್ದನ್ನು ನಾನೇ ಕಂಡಿದ್ದೇನೆ.

ಕೇಂದ್ರದ ಮುಖ್ಯಸ್ಥರು ಡಾ. ವರದರಾಜ್, ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ. ಬೇಸಿಗೆಯಲ್ಲಿ ಜನ ಇಳಿಯುತ್ತಾರೆ ಎಂದು ನಾನು ಮೊದಲೇ ಅವರಿಗೆ ಹೇಳಿದ್ದೆ. ಅವರು ತಳ್ಳಿಹಾಕಲಿಲ್ಲ. ಪ್ರತಿ ಹಾರಾಟಕ್ಕೂ ಮೊದಲು ಊರಿನ ವಾಲೀಕಾರ ಯಮನಪ್ಪನಿಗೆ, ಅಂದರೆ ಊರು ಕಾಯುವವನಿಗೆ, ಫೋನ್ ಮಾಡಿ ಕೆಳಗೆ ಯಾರಾದರೂ ಇದ್ದಾರೋ ಕೇಳಬೇಕು, ಅವನು ಇಲ್ಲ ಎಂದ ಮೇಲೆಯೇ ಯಂತ್ರ ಚಾಲೂ ಮಾಡಬೇಕು ಎಂದು ನಿಯಮ ಮಾಡಿದರು. ನನಗೂ ಅದು ಸರಿ ಎನ್ನಿಸಿತು. ಅವನು ಏನು ಹೇಳುತ್ತಾನೆಂದು ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿರಬೇಕಿತ್ತು.

ಆರು ಸಲ ಪ್ರಯೋಗ ಮಾಡಿದೆವು. ಪ್ರತಿ ಸಲವೂ ವಿಮಾನದಲ್ಲಿ ನಾಲ್ಕೇ ಜನ. ಉಂಗುರದೊಳಗೆ ಒಂದು ತೇಲುವ ಡಬ್ಬಿ ಬಿಟ್ಟಿದ್ದೆವು. ಸೆಕೆಂಡಿಗೊಮ್ಮೆ ಟಿಕ್ ಎಂದು ಸಂಕೇತ ಕಳಿಸುವುದಷ್ಟೇ ಅದರ ಕೆಲಸ. ದಾರಿಗೆ ಮಡಿಕೆ ಬಿದ್ದ ಕೂಡಲೇ ಆ ಟಿಕ್ ಟಿಕ್ ಒಂದಕ್ಕೊಂದು ಅಂಟಿಕೊಂಡು, ದುಂಬಿ ಗುಂಯ್‌ಗುಟ್ಟಿದ ಹಾಗೆ ಕೇಳುತ್ತಿತ್ತು. ಉಂಗುರದ ಅಡಚಣೆ ಎಂದರು ವರದರಾಜ್. ಆಮೇಲೆ ನೀರಿನ ಮೇಲೆ ಬೆಳ್ಳಕ್ಕಿಗಳು ಸತ್ತು ತೇಲುತ್ತಿದ್ದವು, ಹೊಟ್ಟೆ ಬೆನ್ನಿಗೆ ಹತ್ತಿ. ಎರಡು ತಾಸಿನಲ್ಲಿ ಹಕ್ಕಿ ಹಸಿದು ಸಾಯುತ್ತದೆಯೇ? ಯಾವುದೋ ರೋಗ ಎಂದು ವರದಿ ಬಂತು. ನಾನು ಆ ವರದಿಯನ್ನು ಎರಡು ಸಲ ಓದಿದೆ. ಆದರೂ ಸುಮ್ಮನಾದೆ, ಕೆಲಸ ಬಹಳವಿತ್ತು.

ಮೊದಲ ಬಾರಿ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವ ದಿನ ಬಂತು. ಇನ್ನೂರ ಮೂವತ್ತು ಜನ. ಏಪ್ರಿಲ್ ತಿಂಗಳು, ದಾನಿಗೆ ಸೂಟಿ. ಬೆಳಿಗ್ಗೆ ಅವಳನ್ನು ಹೊಸ ಊರಿನಲ್ಲಿರುವ ನನ್ನ ಅಣ್ಣ ಸಂಗನಬಸುವಿನ ಮನೆಯಲ್ಲಿ ಬಿಟ್ಟೆ. ಇವತ್ತು ಕೆಳಗೆ ಹೆಜ್ಜೆ ಇಡಬಾರದು ಎಂದು ಅಣ್ಣನಿಗೆ ನಾಲ್ಕು ದಿನದಿಂದ ಹೇಳುತ್ತಿದ್ದೆ. ಆಯಿತು ಎಂದಿದ್ದ. ಆದರೆ ಹೊಲದಲ್ಲಿ ಹೆಸರಿನ ರಾಶಿ ಬಿದ್ದಿತ್ತು, ಬಡಗಣ ದಿಕ್ಕಿಗೆ ಮೋಡ ಕಟ್ಟಿತ್ತು. ಒಂದು ಮಳೆ ಹೊಡೆದರೆ ರಾಶಿ ಮೊಳಕೆ ಬಂದು ಹಾಳು. ಎರಡು ತಾಸಿನ ಮಾತು, ಅಷ್ಟರೊಳಗೆ ಚೀಲ ತುಂಬಿದರಾಯಿತು ಎಂದು ನಾನು ಅತ್ತ ಹೋದ ಮೇಲೆ ಇಳಿದಿದ್ದಾನೆ. ದಾನಿ ಹಟ ಹಿಡಿದು ಬೆನ್ನು ಹತ್ತಿದ್ದಾಳೆ. ಇದಿಷ್ಟೂ ನನಗೆ ತಿಳಿದದ್ದು ತಡವಾಗಿ.

ಕೇಂದ್ರದಲ್ಲಿ ಹಬ್ಬದ ಸಡಗರ. ವಿಮಾನ ಕಂಪನಿಯವರು ಬಂದಿದ್ದರು, ಪೇಢೆಯ ಡಬ್ಬಿಗಳನ್ನು ಮೇಜಿನ ಮೇಲೆ ಗೋಪುರ ಮಾಡಿದ್ದರು. ಯಮನಪ್ಪನಿಗೆ ಫೋನ್ ಹೋಯಿತು, ಯಾರೂ ಇಲ್ಲ ಎಂಬ ಮಾತು ದಾಖಲಾಯಿತು. ಬೆಂಗಳೂರಿನಲ್ಲಿ ವಿಮಾನ ಏರಿತು, ಮಡಿಕೆ ಬಿತ್ತು. ಆ ಕ್ಷಣವೇ ಸ್ಪೀಕರಿನಲ್ಲಿ ಡಬ್ಬಿಯ ಸದ್ದು ಕೂಗಿಕೊಂಡಿತು. ಗುಂಯ್‌ಗುಟ್ಟುವುದಲ್ಲ, ಈ ಸಲ ಕಿವಿ ಸೀಳುವಂಥ ಸಿಳ್ಳು. ಕಂಪನಿಯ ಒಬ್ಬ ನಗುತ್ತಾ ಕಿವಿ ಮುಚ್ಚಿಕೊಂಡು ಅದನ್ನು ಬಂದ್ ಮಾಡಲು ಹೇಳಿದ. ನಾನು ಮಾಡಲಿಲ್ಲ. ಈ ಸಲ ಸದ್ದು ಯಾಕೆ ಬದಲಾಯಿತೆಂದು ಕಿವಿಗೊಟ್ಟು ನಿಂತೆ.

ಹದಿನೈದು ನಿಮಿಷವಾಗಿರಬೇಕು, ಅಣ್ಣನ ಹೆಂಡತಿ ಗಿರಿಜಾ ವೈನಿಯ ಫೋನ್ ಬಂತು. ಏದುಸಿರು ಬಿಡುತ್ತಿದ್ದಳು. ರೊಟ್ಟಿಯ ಬುತ್ತಿ ತರಲೆಂದು ಮನೆಗೆ ಹೋಗಿದ್ದಳಂತೆ, ತಿರುಗಿ ಬಂದು ದಂಡೆ ಇಳಿದರೆ ಹೊಲ ಸಿಗುತ್ತಿಲ್ಲವಂತೆ.

“ನಂದಾ, ಹೊಲ ಎದುರಿಗೇ ಕಾಣಾಕತ್ತೈತಿ, ಸನೇಕ ಬರವಲ್ದು,” ಎಂದಳು. “ನಡದೂ ನಡದೂ ಕಾಲು ಸೋತು ಹೊಳ್ಳಿ ಬಂದೆ. ಅವರಿಬ್ಬರೂ ಕಣ್ಣಿಗೆ ನಿಲ್ಲವಲ್ರು. ಅದಾರ ಅನ್ನೂದ್ರಾಗ ಇಲ್ಲ.”

ಯಾರು ಇಬ್ಬರು ಎಂದೆ.

“ನಿಮ್ಮಣ್ಣ. ದಾನಿ.”

ಆಗ ನಾನು ಹೆದರಿದ್ದು ದೂರಕ್ಕೆ ಮಾತ್ರ. ಎರಡು ತಾಸು ಬಿಸಿಲಲ್ಲಿ ಕೂರುತ್ತಾರೆ, ಅಣ್ಣ ಜೊತೆಗಿದ್ದಾನೆ, ಆಮೇಲೆ ಬಂದು ಇಬ್ಬರಿಗೂ ಚೆನ್ನಾಗಿ ಬಯ್ಯಬಹುದು ಎಂದುಕೊಂಡೆ. ವೈನಿಗೆ ಧೈರ್ಯ ಹೇಳುತ್ತಿದ್ದಂತೆಯೇ ಸ್ಪೀಕರಿನ ಸಿಳ್ಳು ನಿಂತುಹೋಯಿತು. ಡಬ್ಬಿಯ ಬ್ಯಾಟರಿ ಮುಗಿದಿತ್ತು. ಹಿಂದಿನ ದಿನ ನಾನೇ ನಿಂತು ಹಾಕಿಸಿದ ಹೊಸ ಬ್ಯಾಟರಿ ಅದು, ಒಂದು ತಿಂಗಳು ಬರುವಂಥದ್ದು. ಮಡಿಕೆ ಬಿದ್ದು ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಅಡಚಣೆಯಲ್ಲ, ರೋಗವಲ್ಲ. ಒಳಗೆ ಒಂದು ತಿಂಗಳು ಕಳೆದಿತ್ತು. ನಾವು ಹರವಿದ್ದು ದೂರವನ್ನಷ್ಟೇ ಎಂದುಕೊಂಡಿದ್ದೆವು. ಪ್ರಯಾಣಿಕರಿಗೆ ಉಳಿದ ಹೊತ್ತೂ ಅಲ್ಲೇ ಹೋಗಿ ಬೀಳುತ್ತಿತ್ತು, ಒಬ್ಬೊಬ್ಬರದೂ ಬೇರೆ ಬೇರೆಯಾಗಿ, ಒಂದರ ಮೇಲೊಂದು. ನಾಲ್ಕು ಜನ ಹಾರಿದಾಗ ಒಳಗೆ ಮೂರು ದಿನದ ಮೇಲೆ ಕಳೆಯಿತು, ದಾಟಲಾಗದೆ ಹಾರಿ ಹಾರಿ ಬೆಳ್ಳಕ್ಕಿಗಳು ಸತ್ತವು. ಇನ್ನೂರ ಮೂವತ್ತು ಜನರ ಇಪ್ಪತ್ತಿಪ್ಪತ್ತು ತಾಸು ಎಂದರೆ ಆರು ತಿಂಗಳ ಮೇಲೆ. ನಮ್ಮ ಒಂದು ನಿಮಿಷಕ್ಕೆ ಅಲ್ಲಿ ಒಂದೂವರೆ ದಿನ. ನನ್ನ ಒಂಬತ್ತು ವರ್ಷದ ಮಗಳು ಒಂದು ತಿಂಗಳಿನಿಂದ ಆ ಬಯಲಿನಲ್ಲಿದ್ದಳು, ನಾನಿಲ್ಲಿ ಪೇಢೆಯ ವಾಸನೆ ಹಿಡಿಯುತ್ತಾ ನಿಂತಿದ್ದೆ.

ವರದರಾಜ್ ಅವರ ತೋಳು ಹಿಡಿದು ಒಂದು ಮೂಲೆಗೆ ಎಳೆದುಕೊಂಡು ಹೋದೆ. ಹೇಳಿದೆ. ಮನುಷ್ಯ ಜಾಣ, ಎರಡನೆಯ ಸಲ ಹೇಳಬೇಕಾಗಲಿಲ್ಲ, ಮುಖ ಬೂದಿ ಬಣ್ಣಕ್ಕೆ ತಿರುಗಿತು. ಆದರೆ ವಿಮಾನದಲ್ಲಿ ಎರಡು ತಾಸಿಗೆ ಸಾಕಾಗುವಷ್ಟೇ ಇಂಧನ. ನಡುದಾರಿಯಲ್ಲಿ ಮಡಿಕೆ ಬಿಚ್ಚಿದರೆ ಅದು ಆ ಹೊತ್ತಿಗೆ ಯಾವ ಜಾಗದ ಮೇಲಿರುತ್ತದೋ ಅಲ್ಲಿ ಹೊರಬೀಳುತ್ತದೆ. ಈಗ ಕೆಳಗೆ ಅರಬ್ಬೀ ಸಮುದ್ರ. ಇನ್ನು ಸ್ವಲ್ಪ ಹೊತ್ತಿಗೆ ಆಫ್ರಿಕಾ ಬರುತ್ತದೆ, ನೆಲದ ಮೇಲಿರುವ ಆ ಸುಮಾರು ಇಪ್ಪತ್ತೈದು ನಿಮಿಷದಲ್ಲಿ ಮಾತ್ರ ಬಿಚ್ಚಬಹುದು, ಹತ್ತಿರದ ಯಾವುದಾದರೂ ಊರಲ್ಲಿ ಇಳಿಸಬಹುದು. ಆಮೇಲೆ ಅಟ್ಲಾಂಟಿಕ್, ಸಾವೊ ಪಾಲೊವರೆಗೂ ಬರೀ ನೀರು.

“ಮಹಾನಂದಾ ಅವರೇ, ಒಳಗೆ ಜನ ಇದ್ದಾರೆ ಅನ್ನೋದು ಖಾತ್ರಿ ಆಗಬೇಕು,” ಎಂದರು ವರದರಾಜ್. “ಅಷ್ಟು ಜನರನ್ನ ಗೊತ್ತಿಲ್ಲದ ಜಾಗದಲ್ಲಿ ಇಳಿಸೋದು ಅಂದ್ರೆ ಹುಡುಗಾಟ ಅಲ್ಲ. ಯಾರೂ ಇಲ್ಲ ಅಂತ ದಾಖಲೆ ಇದೆ.”

ನನ್ನ ಅತ್ತಿಗೆಯೇ ನೋಡಿದ್ದಾಳೆ ಎಂದು ಕಿರುಚಿದೆ. ನೀವೇ ಮಾತನಾಡಿಸಿ ಎಂದು ವೈನಿಗೆ ಫೋನ್ ಹಚ್ಚಿದರೆ ಹತ್ತಲಿಲ್ಲ, ಇನ್ನೊಮ್ಮೆ ಹಚ್ಚಿದರೆ ಅಳುವಿನಲ್ಲಿ ಅವಳ ಮಾತೇ ಅವರಿಗೆ ತಿಳಿಯಲಿಲ್ಲ. ಕಂಪನಿಯವರು ಸುತ್ತ ನೆರೆದು ಇದೇನು, ಅದೇನು ಎಂದು ಕೇಳತೊಡಗಿದರು. ಅವರಿಗೆಲ್ಲ ಬಿಡಿಸಿ ಹೇಳುವುದರೊಳಗೆ ದಾನಿಗೆ ಇನ್ನೊಂದು ತಿಂಗಳು ಕಳೆಯಿತು. ಒಬ್ಬೊಬ್ಬ ಗಂಟಲು ಸರಿಮಾಡಿಕೊಂಡಾಗಲೂ ಅಲ್ಲಿ ಅವಳದೊಂದು ಊಟದ ಹೊತ್ತು ಹೋಗುತ್ತಿತ್ತು. ನನಗೆ ಅವರನ್ನೆಲ್ಲ ಹಲ್ಲಿನಿಂದ ಕಚ್ಚಬೇಕೆನ್ನುವಷ್ಟು ಸಿಟ್ಟು ಬಂದಿತ್ತು.

ಕೊನೆಗೆ ವರದರಾಜ್ ತಾವೇ ಯಮನಪ್ಪನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು. ಕೆಳಗೆ ಯಾರಾದರೂ ಇದ್ದಾರೆಯೇ, ನಿಜ ಹೇಳಿ ಎಂದು ಮರ್ಯಾದೆಯಿಂದಲೇ ಕೇಳಿದರು. ಅವರ ಭಾಷೆ ಮೇಲಿನವರ ಭಾಷೆ. ಯಮನಪ್ಪನ ಉತ್ತರ ಮೂವತ್ತು ವರ್ಷದಿಂದ ನಾಲಿಗೆಯ ತುದಿಯಲ್ಲೇ ಕೂತಿತ್ತು.

“ಯಾರೂ ಇಲ್ರೀ ಸಾಹೇಬ್ರ. ಒಂದ ನಾಯಿ ಸೈತ ಇಲ್ಲ.”

ಕಂಪನಿಯವರು ನನ್ನ ಕಡೆ ಮರುಕದಿಂದ ನೋಡಿದರು. ನಾನು ವರದರಾಜ್ ಕೈಯಿಂದ ಫೋನ್ ಕಿತ್ತುಕೊಂಡೆ. ಯಮನಪ್ಪ ಕಾಕಾ, ನಾನು ನಂದಾ, ಸಂಗಣ್ಣನ ತಂಗಿ, ದಾನಿ ಎಲ್ಲಿದ್ದಾಳೆ ಹೇಳು ಎಂದೆ. ಸಾಹೇಬರು ಕೇಳಿಸಿಕೊಳ್ಳುತ್ತಿದ್ದಾರೇನು ಎಂದು ಅವನು ಪಿಸುಗುಟ್ಟಿದ. ಬೆಳೆ ಜಪ್ತಿ ಮಾಡುತ್ತಾರವ್ವಾ, ಬರೀ ನಿಮ್ಮಣ್ಣನದಲ್ಲ, ಇಡೀ ಊರಿನದು ಎಂದ. ಬೆಳೆಗೆ ಬೆಂಕಿ ಬೀಳಲಿ, ನನ್ನ ಮಗಳು ಸಾಯುತ್ತಾಳೆ ಎಂದೆ. ಅವನು ಅಳುವುದು ಕೇಳಿಸಿತು.

“ನಾನ ಆಕಿನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡು ಇಳಿಸಿ ಬಂದೀನವ್ವಾ,” ಎಂದ. “ನನಗೇನ ಗೊತ್ತು.”

ವರದರಾಜ್ ಒಂದೇ ನೆಗೆತಕ್ಕೆ ರೇಡಿಯೋ ಹಿಡಿದರು. ಮಡಿಕೆ ಬಿಚ್ಚುತ್ತಿದ್ದೇವೆ, ಇಳಿಯಲು ಸಿದ್ಧವಾಗಿ ಎಂದು ಪೈಲಟ್‌ಗೆ ಹೇಳಿದರು. ಪೈಲಟ್ ಶಾಂತವಾಗಿ, ತಾವು ಈಗಷ್ಟೇ ಅಂಗೋಲಾದ ಕರಾವಳಿ ದಾಟಿದ್ದಾಗಿಯೂ, ಬಿಚ್ಚಿ ಹೊರಬೀಳಲು ಬೇಕಾದ ಹತ್ತು ನಿಮಿಷದಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ಸಮುದ್ರದ ಒಳಗಿರುವುದಾಗಿಯೂ, ತಿರುಗಿ ಬರಲು ಇಂಧನ ಸಾಲದೆಂದೂ ಹೇಳಿದ. ಮುಂದೇನು ಅಪ್ಪಣೆ ಎಂದು ಕೇಳಿದ.

ಬಿಚ್ಚುವ ಗುಂಡಿ ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು. ಒತ್ತಿಬಿಡಲೇ ಎನ್ನಿಸಿತು. ಯಾಕೆ ಸುಳ್ಳು ಹೇಳಲಿ, ಕೈ ಚಾಚಿದ್ದೆ ಕೂಡ. ವರದರಾಜ್ ನನ್ನನ್ನು ತಡೆಯಲಿಲ್ಲ, ಗೋಡೆಗೆ ಆತು ನಿಂತು ಸುಮ್ಮನೆ ನೋಡಿದರು. ಆ ವಿಮಾನದಲ್ಲೂ ಮಕ್ಕಳಿದ್ದರು. ಹತ್ತುವಾಗ ಪರದೆಯ ಮೇಲೆ ನೋಡಿದ್ದೆ, ಒಂದು ಮಗು ತಾಯಿಯ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡು ಹೊರಗೆ ಓಡಿದೆ. ಜೀಪು ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು.

ದಂಡೆಯ ಮೇಲೆ ವೈನಿ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಕುಸಿದೆ. ಅರ್ಧ ಫರ್ಲಾಂಗು ಆಚೆ ಅಣ್ಣನ ಹೊಲ. ರಾಶಿ ಅರ್ಧಕ್ಕಿಂತ ಕೆಳಗಿಳಿದಿತ್ತು, ನಾನು ನೋಡುತ್ತಿದ್ದಂತೆಯೇ ಇನ್ನೂ ಇಳಿಯುತ್ತಿತ್ತು. ಬೆಳಿಗ್ಗೆ ಬಟಾಬಯಲಾಗಿದ್ದಲ್ಲಿ ಹಳೇ ಊರಿನ ಪಾಯದ ಕಲ್ಲುಗಳಿಂದ ಕಟ್ಟಿದ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಜಾಲಿಕಂಟಿಯ ಮಾಡು. ಸೌತೆಯ ಬಳ್ಳಿಗಳು ಒಣಗಿ ಕಪ್ಪಾಗಿದ್ದವು. ನಡುವಿನ ಹಳ್ಳದಲ್ಲಿ ನೀರಿತ್ತು. ಮನುಷ್ಯರು ಕಾಣಿಸಲಿಲ್ಲ, ಅಲ್ಲಲ್ಲಿ ಹೊಗೆಯಂಥದ್ದು ಸರಿದಾಡುತ್ತಿತ್ತು ಅಷ್ಟೇ. ಅವರ ಓಡಾಟ ನಮ್ಮ ಕಣ್ಣಿಗೆ ನಿಲ್ಲುವಂಥದ್ದಲ್ಲ.

ಆಮೇಲೆ ಒಮ್ಮೆಲೇ, ಉಂಗುರದ ಒಳ ಅಂಚಿನಲ್ಲಿ, ಕೆಲವೇ ಮಾರು ಆಚೆ, ನಮಗೆ ನೇರ ಎದುರಾಗಿ, ದಾನಿ ಕಾಣಿಸಿದಳು. ಗೋಣಿಚೀಲ ಹೊದ್ದು ಮುದುಡಿ ಮಲಗಿದ್ದಳು. ಒಂದರಿಂದ ಹತ್ತು ಎಣಿಸುವಷ್ಟು ಹೊತ್ತು ಕಂಡು ಮಾಯವಾದಳು. ಇನ್ನರ್ಧ ನಿಮಿಷಕ್ಕೆ ಮತ್ತೆ ಕಂಡಳು, ಅದೇ ಜಾಗದಲ್ಲಿ, ಇನ್ನೊಂದು ಮಗ್ಗುಲಾಗಿ. ನಿದ್ದೆಯಲ್ಲಿದ್ದಾಗ ಮಾತ್ರ ನಮಗೆ ಕಾಣುವಷ್ಟು ಹೊತ್ತು ಒಂದೆಡೆ ಇರುತ್ತಿದ್ದಳು. ಗುಡಿಸಲು ಬಿಟ್ಟು ದಿನಾ ಅಲ್ಲಿಗೇ ಬಂದು ಮಲಗುತ್ತಿದ್ದಳು, ನನ್ನ ಎದುರಿಗೆ. ನಾನು ಬಂದು ಕೂತದ್ದು ಅವಳಿಗೆ ಕಂಡಿತ್ತು.

ಆಗ ನನಗೆ ಇನ್ನೊಂದು ಹೊಳೆಯಿತು, ಹೊಳೆದ ಕೂಡಲೇ ಮೈಯೆಲ್ಲ ಸೆಟೆದುಕೊಂಡಿತು. ಅವಳ ಕಣ್ಣಿಗೆ ನಾನು ಕಲ್ಲಿನ ಹಾಗೆ ಕಾಣುತ್ತೇನೆ. ನಾನು ಎದ್ದು ನೀರು ಕುಡಿದು ಬಂದರೆ ಅವಳಿಗೆ ನಾಲ್ಕೈದು ದಿನ ಅವ್ವ ಇಲ್ಲ. ಕೈಯಿಂದ ಮುಖ ಮುಚ್ಚಿಕೊಂಡರೆ ಒಂದು ಹೊತ್ತು ಅವ್ವನ ಮುಖವಿಲ್ಲ. ಕೈ ಬೀಸಿ ಕರೆದರೆ ಅವಳಿಗೆ ಅದು ಬೀಸಿದ್ದು ಎಂದು ಗೊತ್ತೂ ಆಗುವುದಿಲ್ಲ. ಅವಳಿಗಾಗಿ ನಾನು ಮಾಡಬಹುದಾದದ್ದು ಒಂದೇ ಇತ್ತು, ಅಲ್ಲಾಡದೆ ಅವಳ ಕಡೆ ಮುಖ ಮಾಡಿ ಕೂರುವುದು. ಕೂತೆ. ವೈನಿ ಏನೋ ಕೇಳಿದಳು, ಉತ್ತರ ಕೊಡಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಒಂದು ನೊಣ ತುಟಿಯ ಮೇಲೆ ಕೂತಿತು, ಓಡಿಸಲಿಲ್ಲ. ಕಣ್ಣೀರು ಇಳಿಯಿತು, ಒರೆಸಲಿಲ್ಲ. ಅವಳು ಮಲಗಿದ್ದು, ಮಾಯವಾದದ್ದು, ಮತ್ತೆ ಮಲಗಿದ್ದು ನೋಡುತ್ತಾ ಇದ್ದೆ. ಒಮ್ಮೆ ಅವಳು ಬರಬೇಕಾದ ಹೊತ್ತಿಗೆ ಬರಲಿಲ್ಲ. ಎರಡು ನಿಮಿಷ ಆ ಜಾಗ ಖಾಲಿ ಇತ್ತು. ಜ್ವರವೋ, ಹಾವೋ, ಇನ್ನೇನೋ. ಅಂಥ ಭಯ ನನ್ನ ಶತ್ರುವಿಗೂ ಬೇಡ. ಆಮೇಲೆ ಬಂದಳು, ಮಲಗಿದಳು. ಗೋಣಿಚೀಲದಿಂದ ಹೊರಗೆ ಚಾಚಿದ ಕಾಲು ಮೊದಲಿಗಿಂತ ಉದ್ದವಾಗಿತ್ತು.

ವಿಮಾನ ಸಾವೊ ಪಾಲೊದಲ್ಲಿ ಇಳಿಯಿತು. ಪ್ರಯಾಣಿಕರು ಚಪ್ಪಾಳೆ ಹೊಡೆದರಂತೆ. ವರದರಾಜ್ ಮಡಿಕೆ ಬಿಚ್ಚಿದರು. ಸದ್ದೇನೂ ಆಗಲಿಲ್ಲ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಎದುರಿನಿಂದ ತಣ್ಣನೆಯ ಗಾಳಿ ಬಂದು ನಮ್ಮ ಮುಖಕ್ಕೆ ಬಡಿಯಿತು, ಅದರಲ್ಲಿ ಹಳೇ ಹೊಗೆಯ ವಾಸನೆ ಇತ್ತು. ಗುಡಿಸಲಿನಿಂದ ಅಣ್ಣ ಹೊರಗೆ ಬಂದ. ಎದೆಯವರೆಗೆ ಗಡ್ಡ, ಮೈಯಲ್ಲಿ ಬರೀ ಎಲುಬು. ಬೆಳಕಿಗೆ ಕಣ್ಣು ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟ. ವೈನಿ ಬುತ್ತಿಯನ್ನು ಅಲ್ಲೇ ಚೆಲ್ಲಿ ಅವನ ಕಡೆ ಓಡಿದಳು.

ಅಣ್ಣ ಆಮೇಲೆ, ಎಷ್ಟೋ ದಿನ ಕಳೆದ ಮೇಲೆ, ತುಣುಕು ತುಣುಕಾಗಿ ಹೇಳಿದ. ಸೂರ್ಯ ಒಂದೇ ಕಡೆ ನಿಂತುಬಿಟ್ಟಿದ್ದ, ಹಗಲೂ ಇಲ್ಲ ರಾತ್ರಿಯೂ ಇಲ್ಲ, ಎರಡು ತಾಸಿನ ಬಿಸಿಲೇ ಆರು ತಿಂಗಳಿಗೆ ಹಂಚಿಹೋಗಿ ಯಾವಾಗಲೂ ಮುಸ್ಸಂಜೆಯ ಮಬ್ಬು, ಮೂಳೆ ಕೊರೆಯುವ ಚಳಿ. ಮೊದಲು ಸೌತೆಕಾಯಿ, ಆಮೇಲೆ ಹೆಸರು, ಹಳ್ಳದ ಮೀನು. ಒಮ್ಮೆ ಕೊಡದ ತುಂಬ ನೀರು ಹೊತ್ತು ದಂಡೆಯ ಕಡೆ ನಡೆದು ನೋಡಿದ. ನೀರು ಅರ್ಧ ಮುಗಿದರೂ ದಂಡೆ ಇದ್ದಲ್ಲೇ ಇತ್ತು, ತಿರುಗಿ ಬಂದ. ಗಿರಿಜಾ ಹತ್ತು ದಿನ ಫೋನ್ ಕಿವಿಗೆ ಹಿಡಿದು ನಿಂತಿದ್ದಳಂತೆ. ಲೋಕವೇ ಸತ್ತುಹೋಗಿದೆ, ತಾವಿಬ್ಬರೇ ಉಳಿದಿದ್ದೇವೆ ಎಂದುಕೊಂಡಿದ್ದ. ಅದನ್ನು ಮಗುವಿಗೆ ಹೇಳಿರಲಿಲ್ಲ.

ದಾನಿ ಓಡಿ ಬರಲಿಲ್ಲ. ಮೆಲ್ಲಗೆ ಬಂದಳು. ಕೂದಲು ಗಂಟು ಗಂಟಾಗಿತ್ತು, ಬೆಳಿಗ್ಗೆ ನಾನು ತೊಡಿಸಿದ ಫ್ರಾಕು ತೊಡೆಯ ಮೇಲೇರಿತ್ತು, ಮುಖ ಬಿಳಿಚಿಕೊಂಡಿತ್ತು. ಒಂದು ಮಾರು ದೂರದಲ್ಲಿ ನಿಂತು ನನ್ನನ್ನೇ ನೋಡಿದಳು. ನಾನು ಕೈ ಚಾಚಿದಾಗ ಬೆಚ್ಚಿ ಹಿಂದೆ ಸರಿದಳು. ನಾನು ಅಲ್ಲಾಡಬಲ್ಲೆ ಎಂಬುದನ್ನೇ ಅವಳು ಮರೆತುಬಿಟ್ಟಿದ್ದಳು.

“ನೀ ಸತ್ತೀ ಅಂದ್ಕೊಂಡಿದ್ದೆ,” ಎಂದಳು. “ಇಲ್ಲ, ಕಣ್ಣೀರು ಇಳ್ಯಾಕತ್ತೈತಿ ನೋಡು ಅಂತ ಮಾಮಾ ತೋರಿಸಿದ. ಗಲ್ಲದಿಂದ ಗದ್ದಕ್ಕ ಬರೂತನಾ ನೋಡಿದೆ.” ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದಳು. “ದಿನಾ ಕರದೆ, ಅವ್ವಾ. ನೀ ಯಾಕ ಏಳಲಿಲ್ಲ?”

ನನಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಅವಳಿಗೆ ಹೇಳಿದೆ, ಆಗಲ್ಲ, ಆಮೇಲೆ, ಮತ್ತೆ ಮತ್ತೆ. ನಿನಗಾಗಿಯೇ ಕೂತಿದ್ದೆ ಎಂದೆ. ಅವಳಿಗೆ ಅರ್ಥವಾಗುತ್ತದೆ, ಜಾಣೆ. ಅರ್ಥವಾಗಿ ಏನು ಬಂತು? ಅವಳ ಎರಡು ತಿಂಗಳಲ್ಲಿ ಅವ್ವ ಎದುರಿಗೇ ಕೂತಿದ್ದಳು, ಎಷ್ಟು ಕರೆದರೂ ಏಳಲಿಲ್ಲ. ಅದನ್ನು ಯಾವ ಲೆಕ್ಕವೂ ಅಳಿಸುವುದಿಲ್ಲ. ಕೇಂದ್ರ ಮುಚ್ಚಿದರು, ವಿಚಾರಣೆ ನಡೆಯಿತು, ವರದರಾಜ್ ರಾಜೀನಾಮೆ ಕೊಟ್ಟು ಹೋಗುವ ಮುನ್ನ ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತು ಹಾಗೆಯೇ ಹಿಂದಿರುಗಿದರು. ಆ ವಿಮಾನದಲ್ಲಿದ್ದವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ ಎಂದು ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ನಾನು ಮಾಡಿಕೊಳ್ಳುತ್ತೇನೆ.

ದಾನಿ ಈಗ ಶಾಲೆಗೆ ಹೋಗುತ್ತಾಳೆ, ಊಟ ಮಾಡುತ್ತಾಳೆ, ಆಗೊಮ್ಮೆ ಈಗೊಮ್ಮೆ ನಗುತ್ತಾಳೆ. ಬೇರೆ ಯಾವುದಕ್ಕೂ ಹೆದರುವುದಿಲ್ಲ, ಕತ್ತಲೆಗೆ, ಹಾವಿಗೆ, ಯಾವುದಕ್ಕೂ. ನಾನು ಸುಮ್ಮನೆ ಕೂತರೆ ಮಾತ್ರ ಹೆದರುತ್ತಾಳೆ. ಹಿಟ್ಟು ನಾದುತ್ತಾ ಕೈ ನಿಂತರೆ, ಬಸ್ಸಿನಲ್ಲಿ ತೂಕಡಿಸಿದರೆ, ಅವಳ ಉಸಿರು ಕಟ್ಟುತ್ತದೆ. ನಿದ್ದೆಯಲ್ಲಿಯೂ ನನ್ನ ಬೆರಳೊಂದನ್ನು ಹಿಡಿದುಕೊಂಡಿರುತ್ತಾಳೆ, ಅದು ಆಗಾಗ ಮಿಡುಕಬೇಕು.

ನಿನ್ನೆ ಸಂಜೆ ಕಟ್ಟೆಯ ಮೇಲೆ ಕಾಳು ಆರಿಸುತ್ತಾ ಕೂತಿದ್ದೆ. ಮೈಯೆಲ್ಲ ದಣಿದಿತ್ತು. ಏನೋ ನೆನಪಾಗಿ, ಮೊರದಲ್ಲಿ ಕೈ ಇಟ್ಟವಳು ಹಾಗೆಯೇ ಒಂದು ಗಳಿಗೆ ಕೂತುಬಿಟ್ಟೆನೇನೋ. ಒಳಗಿನಿಂದ ದಾನಿ ಓಡಿ ಬಂದಳು, ಎರಡೂ ಕೈಯಿಂದ ನನ್ನ ಭುಜ ಹಿಡಿದು ಅಲುಗಾಡಿಸಿದಳು.

“ಅವ್ವಾ, ಅಳ್ಳಾಡು,” ಎಂದಳು. “ಅಳ್ಳಾಡವ್ವಾ.”

ಮೊರ ಬದಿಗಿಟ್ಟು ಎದ್ದು ನಿಂತೆ. ಅವಳು ಕೈ ಬಿಡಲಿಲ್ಲ. ಕತ್ತಲಾಗುವವರೆಗೂ ಇಬ್ಬರೂ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಾಡಿದೆವು.